ತೊಡೆಯ ಸ್ನಾಯು, ಮುಖದ ನಗು

ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಲು ಹೋದರೆ ನೀರು ತುಟಿಯ ಒಂದು ಮೂಲೆಯಿಂದ ಸೋರಿಹೋಗುತ್ತದೆ. ಕನ್ನಡಿ ನೋಡಿದರೆ ಬಾಯಿ ಸೊಟ್ಟ. ಒಂದು ಕಣ್ಣು ಮುಚ್ಚಲೊಲ್ಲದು. ಸಿಳ್ಳೆ ಹಾಕಲು ಹೋದರೆ ಬರೀ ಗಾಳಿ. ‘ಲಕ್ವಾ ಹೊಡೆಯಿತು’ ಎಂದು ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಆಯುರ್ವೇದ ಗ್ರಂಥಗಳು ‘ಅರ್ದಿತ’ ಎಂದು ಹೆಸರಿಟ್ಟ ತೊಂದರೆ ಇದು.

ಮುಖ ಸೊಟ್ಟಗಾದದ್ದೆಲ್ಲ ಮಿದುಳಿನ ಆಘಾತವಲ್ಲ. ಹುಬ್ಬೇರಿಸಿದಾಗ ಹಣೆಯ ಎರಡೂ ಬದಿಗೆ ನೆರಿಗೆ ಬಿದ್ದರೆ ವೈದ್ಯರು ಮಿದುಳಿನ ಕಡೆ ಶಂಕಿಸುತ್ತಾರೆ. ಅರ್ಧ ಹಣೆ ನುಣುಪಾಗಿಯೇ ಉಳಿದರೆ ಕೆಟ್ಟಿರುವುದು ಬಹುಮಟ್ಟಿಗೆ ಮುಖದ ನರ. ಆದರೆ ಈ ತೀರ್ಮಾನ ಮನೆಯಲ್ಲಿ ಮಾಡುವಂಥದ್ದಲ್ಲ. ಮುಖ ಇದ್ದಕ್ಕಿದ್ದಂತೆ ಸೊಟ್ಟಗಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಕೈಕಾಲು ಸೋತರೆ, ಮಾತು ತೊದಲಿದರೆ ಒಂದು ಗಳಿಗೆಯೂ ತಡಮಾಡಬಾರದು.

ಸ್ಕಾಟ್ಲೆಂಡಿನ ವೈದ್ಯ ಚಾರ್ಲ್ಸ್ ಬೆಲ್ ಮುಖದ ನರದ ಕೆಲಸವನ್ನು 1821ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವಿವರಿಸಿದ. ಸ್ಪಷ್ಟ ಕಾರಣವಿಲ್ಲದೆ ಮುಖದ ಒಂದು ಬದಿ ಸೋಲುವುದಕ್ಕೆ ಇಂದಿಗೂ ‘ಬೆಲ್ಸ್ ಪಾಲ್ಸಿ’ ಎಂದೇ ಹೆಸರು. ಇದು ಬಂದವರಲ್ಲಿ ಹತ್ತಕ್ಕೆ ಏಳು ಮಂದಿ ಔಷಧವಿಲ್ಲದೆಯೂ ಪೂರ್ತಿ ಗುಣವಾಗುತ್ತಾರೆ. ಮೊದಲ ಮೂರು ದಿನದೊಳಗೆ ಸ್ಟೀರಾಯ್ಡ್ ಮಾತ್ರೆ ಆರಂಭಿಸಿದರೆ ಗುಣವಾಗುವವರ ಸಂಖ್ಯೆ ಇನ್ನೂ ಹೆಚ್ಚು. ನಾಟಿ ವೈದ್ಯರ ಲೇಪಕ್ಕೂ ಮಂತ್ರದ ದಾರಕ್ಕೂ ಇಷ್ಟೊಂದು ಕೀರ್ತಿ ಬಂದಿರುವುದು ಈ ಲೆಕ್ಕದಿಂದಲೇ!

ತೊಡಕು ಇರುವುದೂ ಇಲ್ಲಿಯೇ. ‘ತಾನಾಗಿ ಸರಿಹೋಗುತ್ತದೆ, ಕಾಯೋಣ’ ಎಂಬ ಮಾತು ಬೆಲ್ಸ್ ಪಾಲ್ಸಿಗೆ ಬಹುಮಟ್ಟಿಗೆ ಸರಿ. ಅಪಘಾತದಲ್ಲಿ ನರ ತುಂಡಾಗಿದ್ದರೆ ಅದೇ ಮಾತು ನಗುವನ್ನೇ ಕಳೆಯುತ್ತದೆ.

ಎಲುಬಿನ ಸುರಂಗ

ಮಿದುಳಿನಿಂದ ಹೊರಡುವ 12 ಜೊತೆ ನರಗಳಲ್ಲಿ ಮುಖದ ನರ ಏಳನೆಯದು. ಹೊರಬರುವ ಮೊದಲು ಅದು ಕಿವಿಯ ಎಲುಬಿನೊಳಗಿನ ಸುರಂಗದಲ್ಲಿ ಸುತ್ತಿ ಬಳಸಿ ಸಾಗುತ್ತದೆ. ಸುರಂಗದ ಅತಿ ಕಿರಿದಾದ ಜಾಗ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಅಲ್ಲಿ ನರ ಕೊಂಚ ಊದಿಕೊಂಡರೂ ಸಾಕು, ಎಲುಬಿನ ನಡುವೆ ಸಿಕ್ಕಿ ನಲುಗುತ್ತದೆ. ವರ್ಷಗಟ್ಟಲೆ ಕಿವಿ ಸೋರುವ ಮಕ್ಕಳಲ್ಲಿ ಸೋಂಕು ಎಲುಬನ್ನು ತಿಂದು ಈ ನರವನ್ನು ಮುಟ್ಟುವುದುಂಟು. ಅಂಥ ಮಗುವಿನ ಬಾಯಿ ಸೊಟ್ಟಗಾದರೆ ಕಿವಿಯ ಶಸ್ತ್ರಚಿಕಿತ್ಸೆ ತುರ್ತಾಗಿ ಬೇಕಾಗುತ್ತದೆ.

ಮಂಗನಬಾವು ಬಂದಾಗ ಊದಿಕೊಳ್ಳುತ್ತದಲ್ಲ, ಆ ಜೊಲ್ಲುಗ್ರಂಥಿಯ ಒಳಗೆ ನರ ಐದು ಕವಲಾಗಿ ಹಣೆ, ಕಣ್ಣು, ಕೆನ್ನೆ, ಕೆಳದುಟಿ ಮತ್ತು ಕತ್ತಿನತ್ತ ಹರಡುತ್ತದೆ. ನರವೆಂದರೆ ಒಂದೇ ತಂತಿಯಲ್ಲ, ಸುಮಾರು 10,000 ಎಳೆಗಳ ಕಟ್ಟು. ಘಾಸಿಗೊಂಡ ಎಳೆಗಳು ಮತ್ತೆ ಬೆಳೆಯುವಾಗ ದಾರಿ ತಪ್ಪುವುದೂ ಇದೆ. ತುಟಿಗೆ ಹೋಗಬೇಕಾದ ಎಳೆ ಕಣ್ಣಿಗೆ ಹೋದರೆ, ನಕ್ಕಾಗ ಕಣ್ಣು ಮುಚ್ಚುತ್ತದೆ. ಜೊಲ್ಲುಗ್ರಂಥಿಯ ಎಳೆ ಕಣ್ಣೀರಿನ ಗ್ರಂಥಿಗೆ ಹೋದರೆ ಊಟಕ್ಕೆ ಕುಳಿತಾಗ ಕಣ್ಣೀರು ಸುರಿಯುತ್ತದೆ. ವೈದ್ಯರು ಇದಕ್ಕೆ ಇಟ್ಟಿರುವ ಹೆಸರೂ ‘ಮೊಸಳೆ ಕಣ್ಣೀರು’!

ಮೂರು ದಿನ, ಒಂದೂವರೆ ವರ್ಷ

ಗಾಜು ಅಥವಾ ಕತ್ತಿ ತಗುಲಿ ಕೆನ್ನೆಯ ನರ ಕತ್ತರಿಸಿದ್ದರೆ ಅದನ್ನು ಮೂರು ದಿನದೊಳಗೆ ಹೊಲಿಯುವುದು ಒಳ್ಳೆಯದು. ತುಂಡಾದ ನರದ ಮುಂದಿನ ಭಾಗ ಸುಮಾರು 72 ಗಂಟೆ ಕಾಲ ವಿದ್ಯುತ್ತಿಗೆ ಸ್ಪಂದಿಸುತ್ತಿರುತ್ತದೆ. ಶಸ್ತ್ರವೈದ್ಯರು ಸಣ್ಣ ವಿದ್ಯುತ್ ಕಡ್ಡಿ ಮುಟ್ಟಿಸಿದೊಡನೆ ತುಟಿ ಅದುರುತ್ತದೆ. ನರದ ತುದಿ ಎಲ್ಲಿದೆಯೆಂದು ತಿಳಿಯುತ್ತದೆ. ಆಮೇಲೆ ಅದನ್ನು ಹುಡುಕುವುದು ಬಲು ಕಷ್ಟ. ಹೊಲಿಗೆಯ ದಾರವೋ ತಲೆಗೂದಲಿಗಿಂತ ತೆಳು. ಕೆಲಸವೆಲ್ಲ ಸೂಕ್ಷ್ಮದರ್ಶಕದ ಅಡಿಯಲ್ಲಿ. ನಡುವೆ ಅಂತರ ಉಳಿದಿದ್ದರೆ ಮೀನಖಂಡದ ಹಿಂಬದಿಯ ಸ್ಪರ್ಶನರವೊಂದನ್ನು ತೆಗೆದು ಜೋಡಿಸುತ್ತಾರೆ. ಪಾದದ ಹೊರ ಅಂಚು ಕೊಂಚ ಮರಗಟ್ಟುತ್ತದೆ, ಅಷ್ಟೆ, ನಡಿಗೆಗೆ ತೊಂದರೆಯಿಲ್ಲ.

ನರದ ಎಳೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಕಿವಿಯ ಬುಡದಿಂದ ತುಟಿಯ ಮೂಲೆಗೆ ತಲುಪಲು ತಿಂಗಳುಗಳೇ ಬೇಕು. ಅತ್ತ ನರವಿಲ್ಲದ ಸ್ನಾಯು ಸೊರಗುತ್ತಾ ಹೋಗಿ 12ರಿಂದ 18 ತಿಂಗಳಲ್ಲಿ ಕೆಲಸಕ್ಕೆ ಬಾರದಂತಾಗುತ್ತದೆ. ಆಮೇಲೆ ನರ ಜೋಡಿಸುವುದೆಂದರೆ ಬಲ್ಬಿಲ್ಲದ ಮನೆಗೆ ತಂತಿ ಎಳೆದ ಹಾಗೆ. ಬೆಲ್ಸ್ ಪಾಲ್ಸಿ ಎಂದು ಭಾವಿಸಿದ್ದರೂ ಮೂರು ತಿಂಗಳಾದ ಮೇಲೆ ಮುಖ ಸರಿಹೋಗದಿದ್ದರೆ ಮರುಪರೀಕ್ಷೆ ಆಗಲೇಬೇಕು; ಗಡ್ಡೆಯೊಂದು ನರವನ್ನು ಅಮುಕುತ್ತಿರಬಹುದು.

ರೆಪ್ಪೆಯಲ್ಲಿ ಬಂಗಾರ

ಮನೆಯವರ ಚಿಂತೆ ಬಾಯಿಯದು, ವೈದ್ಯರ ಮೊದಲ ಚಿಂತೆ ಕಣ್ಣಿನದು. ಮುಚ್ಚದ ಕಣ್ಣು ಒಣಗಿ ಹುಣ್ಣಾದರೆ ದೃಷ್ಟಿಯೇ ಹೋದೀತು. ರೆಪ್ಪೆ ತೆರೆಯುವುದು ಮೂರನೆಯ ನರದ ಕೆಲಸ, ಮುಚ್ಚುವುದು ಏಳನೆಯದರದ್ದು. ಆದ್ದರಿಂದ ಕಣ್ಣು ತೆರೆಯುತ್ತದೆ, ಮುಚ್ಚುವುದಿಲ್ಲ. ಮೇಲ್ರೆಪ್ಪೆಯೊಳಗೆ ಒಂದು ಗ್ರಾಂ ಆಸುಪಾಸಿನ ಬಂಗಾರದ ಅಥವಾ ಪ್ಲಾಟಿನಂನ ಪುಟ್ಟ ತಗಡನ್ನು ಇಟ್ಟು ಹೊಲಿದರೆ, ತೆರೆಯುವ ಸ್ನಾಯು ಸಡಿಲವಾದೊಡನೆ ರೆಪ್ಪೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ನ್ಯೂಟನ್ನನ ಗುರುತ್ವಾಕರ್ಷಣೆಯೇ ಇಲ್ಲಿ ನರದ ಬದಲಿ! ಮಲಗಿದಾಗ ಮಾತ್ರ ಈ ಉಪಾಯ ಅಷ್ಟಾಗಿ ನಡೆಯದು. ರಾತ್ರಿ ಕಣ್ಣಿಗೆ ಮುಲಾಮು ಹಚ್ಚಲೇಬೇಕು.

ಎರವಲು ನರಗಳು

ಸತ್ತ ಮುಖನರಕ್ಕೆ ಪಕ್ಕದ ನರವೊಂದರಿಂದ ಜೀವ ತುಂಬುವ ಯೋಚನೆ ಹಳೆಯದು. 1895ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಲೆನ್ಸ್ ಭುಜ ಎತ್ತುವ ನರಕ್ಕೆ ಮುಖದ ನರವನ್ನು ಜೋಡಿಸಿದ. 1901ರಲ್ಲಿ ಜರ್ಮನಿಯ ಕೋರ್ಟೆ ನಾಲಿಗೆಯ ನರವನ್ನು ಬಳಸಿದ. ಮುಖಕ್ಕೆ ಬಿಗಿ ಬರುತ್ತಿತ್ತು, ನಿಜ. ಆದರೆ ಒಂದು ಕಡೆ ಭುಜ ಕುಣಿದರೆ ಮುಖವೂ ಕುಣಿಯುವ ಫಜೀತಿ, ಇನ್ನೊಂದು ಕಡೆ ಅರ್ಧ ನಾಲಿಗೆ ಸೊರಗುವ ನಷ್ಟ.

1934ರಲ್ಲಿ ಹೆರಾಲ್ಡ್ ಗಿಲ್ಲೀಸ್ ಬೇರೆ ದಾರಿ ಹಿಡಿದ. ಕಣತಲೆಯ ಮೇಲಿನ ಅಗಿಯುವ ಸ್ನಾಯುವಿಗೆ ನರ ಪೂರೈಸುವುದು ಐದನೆಯ ನರ. ಮುಖದ ಪಾರ್ಶ್ವವಾಯುವಿನಲ್ಲಿ ಅದಕ್ಕೆ ಧಕ್ಕೆಯಿಲ್ಲ. ಆ ಸ್ನಾಯುವಿನ ಪಟ್ಟಿಯನ್ನೇ ತಿರುಗಿಸಿ ಸೋತ ಬದಿಗೆ ಎಳೆದುಕಟ್ಟಿದ. ಕುಷ್ಠರೋಗದಿಂದ ರೆಪ್ಪೆ ಮುಚ್ಚಲಾರದ ಭಾರತದ ಅನೇಕ ರೋಗಿಗಳ ಕಣ್ಣು ಉಳಿಸಿದ್ದು ಈ ಬಗೆಯ ಶಸ್ತ್ರಚಿಕಿತ್ಸೆ. ಹಲ್ಲು ಕಚ್ಚಿದರೆ ಕಣ್ಣು ಮುಚ್ಚುತ್ತದೆ. ಅಭ್ಯಾಸಕ್ಕೆ ಚೂಯಿಂಗ್ ಗಮ್ ಅಗಿಯುವುದೂ ಉಂಟು.

ಕೇಳದೆ ಬರುವ ನಗು

ಹಲ್ಲು ಕಚ್ಚಿ ನಗುವುದು ಬೇರೆ, ಗೆಳೆಯನ ಮಾತಿಗೆ ತಟ್ಟನೆ ನಕ್ಕುಬಿಡುವುದು ಬೇರೆ. ಯೋಚಿಸಿ ತಂದುಕೊಂಡ ನಗು ಬರುವಷ್ಟರಲ್ಲಿ ಹಾಸ್ಯವೇ ಮುಗಿದಿರುತ್ತದೆ. ಈ ಸಮಸ್ಯೆಗೆ 1970ರ ದಶಕದ ಆರಂಭದಲ್ಲಿ ಹೊಳೆದ ಉತ್ತರ ಸೊಗಸಾದದ್ದು: ನಗುವ ಆಜ್ಞೆಯನ್ನು ಮುಖದ ಆರೋಗ್ಯವಂತ ಬದಿಯಿಂದಲೇ ಎರವಲು ತರುವುದು. ಅಲ್ಲಿನ ನರಕ್ಕೆ ಕೆನ್ನೆಯಲ್ಲಿ ಹಲವು ಕವಲುಗಳಿವೆ. ಒಂದನ್ನು ತೆಗೆದುಕೊಂಡರೆ ಆ ಬದಿಗೆ ದೊಡ್ಡ ನಷ್ಟವಿಲ್ಲ. ಅದಕ್ಕೆ ಕಾಲಿನ ನರವನ್ನು ಜೋಡಿಸಿ, ಮೇಲ್ದುಟಿಯೊಳಗಿಂದ ಆಚೆ ಬದಿಗೆ ಸಾಗಿಸುತ್ತಾರೆ.

ನರವೇನೋ ಬಂತು, ಆಚೆ ಬದಿಯಲ್ಲಿ ಸ್ನಾಯು ಸೊರಗಿಹೋಗಿದ್ದರೆ? 1976ರಲ್ಲಿ ಜಪಾನಿನ ಕಿಯೊನೊರಿ ಹಾರಿ, ತೊಡೆಯ ಒಳಬದಿಯ ‘ಗ್ರಾಸಿಲಿಸ್’ ಎಂಬ ಉದ್ದನೆಯ ಸ್ನಾಯುವಿನ ತುಣುಕನ್ನು ಮುಖಕ್ಕೆ ಕಸಿ ಮಾಡಿದ್ದನ್ನು ವರದಿ ಮಾಡಿದರು. ಅದರ ರಕ್ತನಾಳಗಳನ್ನು ಮುಖದ ರಕ್ತನಾಳಗಳಿಗೂ, ನರವನ್ನು ಅಗಿಯುವ ಸ್ನಾಯುವಿನ ನರಕ್ಕೂ ಜೋಡಿಸಿದ್ದರು. ಮುಂದೆ ಈ ಎರಡು ಉಪಾಯಗಳೂ ಒಂದುಗೂಡಿದವು. ಮೊದಲ ಹಂತದಲ್ಲಿ ನರದ ಸೇತುವೆ. ಎಳೆಗಳು ದಾಟಿಬರಲು ಆರು ತಿಂಗಳಿಂದ ಒಂದು ವರ್ಷದ ಕಾಯುವಿಕೆ. ಆಮೇಲೆ ತೊಡೆಯ ಸ್ನಾಯು. ಅದು ಮಿಸುಕಲು ಮತ್ತೆ ಕೆಲವು ತಿಂಗಳು. ತೊಡೆಯ ಕೆಲಸವನ್ನು ಉಳಿದ ಸ್ನಾಯುಗಳು ವಹಿಸಿಕೊಳ್ಳುವುದರಿಂದ ಓಟ, ಆಟಕ್ಕೆ ಅಡ್ಡಿಯಾಗದು.

ಹುಟ್ಟಿನಿಂದ ನಗದ ಮಕ್ಕಳು

ಜರ್ಮನ್ ವೈದ್ಯ ಪಾಲ್ ಮೋಬಿಯಸ್ 1888ರಲ್ಲಿ ವಿವರಿಸಿದ ಅಪರೂಪದ ತೊಂದರೆಯಲ್ಲಿ ಸಾಮಾನ್ಯವಾಗಿ ಮುಖದ ಎರಡೂ ಬದಿಯ ನರ ಕೆಲಸ ಮಾಡುವುದಿಲ್ಲ. ತುಟಿ ಕೂಡದ ಈ ಮಕ್ಕಳಿಗೆ ಪ, ಬ, ಮ ಅಕ್ಷರಗಳೇ ಕಷ್ಟ. ಮುಖದಲ್ಲಿ ಭಾವವಿಲ್ಲವೆಂದು ಬುದ್ಧಿಯೂ ಇಲ್ಲವೆಂದು ತಿಳಿಯುವ ಜನರಿದ್ದಾರೆ. ಶಿಕ್ಷಕರೂ ಇದಕ್ಕೆ ಹೊರತಲ್ಲ. ಎರವಲು ತರಲು ಇವರಿಗೆ ಒಳ್ಳೆಯ ಬದಿಯೇ ಇಲ್ಲ. ಕೆನಡಾದ ಟೊರಾಂಟೊದಲ್ಲಿ ರೊನಾಲ್ಡ್ ಜುಕರ್ ಮತ್ತು ಸಂಗಡಿಗರು ಇಂಥ ಮಕ್ಕಳಿಗೆ ತೊಡೆಯ ಸ್ನಾಯುವನ್ನು ದವಡೆ ಕಚ್ಚುವ ನರಕ್ಕೆ ಜೋಡಿಸುವ ವಿಧಾನವನ್ನು ಬೆಳೆಸಿದರು. ಐದಾರು ವರ್ಷದ ಹೊತ್ತಿಗೆ ಇದನ್ನು ಮಾಡಬಹುದು. ಎರಡೂ ಬದಿ ಒಮ್ಮೆಗೇ ಅಲ್ಲ, ಕೆಲವು ತಿಂಗಳ ಅಂತರದಲ್ಲಿ.

ಮೊದಮೊದಲು ಮಗು ಹಲ್ಲು ಕಚ್ಚಿಯೇ ನಗಬೇಕು. ಕನ್ನಡಿಯ ಮುಂದೆ ದಿನವೂ ಅಭ್ಯಾಸ. ವಿಸ್ಮಯವೆಂದರೆ, ದಿನ ಕಳೆದಂತೆ ಅನೇಕರಲ್ಲಿ ಮಿದುಳು ಹೊಸ ದಾರಿ ಕಲಿತುಬಿಡುತ್ತದೆ; ಕಚ್ಚದೆಯೇ ತುಟಿ ಅರಳುತ್ತದೆ. ದೊಡ್ಡವರಲ್ಲೂ ಹೀಗಾಗುವುದನ್ನು ಟೊರಾಂಟೊದ ತಂಡ 2006ರಲ್ಲಿ ವರದಿ ಮಾಡಿತು.

ಇಷ್ಟೆಲ್ಲ ಮಾಡಿದರೂ ಮುಖ ಮೊದಲಿನಂತೆ ಆಗುತ್ತದೆಂದು ಯಾವ ಪ್ರಾಮಾಣಿಕ ವೈದ್ಯರೂ ಹೇಳುವುದಿಲ್ಲ. ಹತ್ತಾರು ಸಣ್ಣ ಸ್ನಾಯುಗಳ ಕೆಲಸಕ್ಕೆ ಬದಲಾಗಿ ಬಂದಿರುವುದು ಒಂದೇ ತುಣುಕು. ಅದು ತುಟಿಯನ್ನು ಒಂದೇ ದಿಕ್ಕಿಗೆ ಎಳೆಯಬಲ್ಲದು. ಹಣೆ ನುಣುಪಾಗಿಯೇ ಉಳಿಯುತ್ತದೆ. ಕೆನ್ನೆ ಕೊಂಚ ದಪ್ಪಗೆ ಕಂಡೀತು. ಅದನ್ನು ಸರಿಪಡಿಸಲು ಮತ್ತೊಂದು ಸಣ್ಣ ಶಸ್ತ್ರಚಿಕಿತ್ಸೆ ಬೇಕಾದೀತು. ಮೈಕ್ರೋಸರ್ಜರಿ ಬಲ್ಲ ಪ್ಲಾಸ್ಟಿಕ್ ಸರ್ಜನ್ನರನ್ನು ಕಾಣುವಾಗ ತಂದೆತಾಯಿ ಕೇಳಬೇಕಾದ ಪ್ರಶ್ನೆಗಳು ಇವು: ನರಕ್ಕೆ ಏನಾಗಿದೆ, ಆಗಿ ಎಷ್ಟು ತಿಂಗಳಾಯಿತು, ಸ್ನಾಯು ಇನ್ನೂ ಜೀವಂತವಾಗಿದೆಯೇ. ಮೂರನೆಯದಕ್ಕೆ ಉತ್ತರವನ್ನು ಸ್ನಾಯುವಿನೊಳಗೆ ಸೂಜಿ ಇಟ್ಟು ವಿದ್ಯುತ್ ಮಿಡಿತ ಅಳೆಯುವ ಇ.ಎಂ.ಜಿ. ಪರೀಕ್ಷೆ ಕೊಡುತ್ತದೆ.