ಒಳನಾಡಿಗೆ ನಡೆದು ಬರುವ ಕಡಲ ಮಳೆ

‘ಚಂಡಮಾರುತ’ ಎಂಬುದು ಎರಡು ಪದಗಳು ಕೂಡಿ ಆದ ಸಮಾಸ. ಚಂಡ ಎಂದರೆ ಉಗ್ರವಾದುದು. ಮಾರುತ ಎಂದರೆ ಗಾಳಿ. ಈ ಹೆಸರಿನೊಳಗೆ ಮಳೆಗೆ ಎಡೆಯಿಲ್ಲ. ‘ಸೈಕ್ಲೋನ್’ ಎಂಬ ಮಾತಾದರೂ ಅಷ್ಟೆ. 19ನೆಯ ಶತಮಾನದ ನಡುಗಾಲದಲ್ಲಿ ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬಾತನು ಸುರುಳಿ ಸುತ್ತಿದ ಹಾವಿನ ಆಕೃತಿಯನ್ನು ನೆನೆದು, ಗ್ರೀಕ್ ಭಾಷೆಯ ಮೂಲದಿಂದ ಆ ಪದವನ್ನು ನಿರ್ಮಿಸಿದನು. ಅಲ್ಲಿಯೂ ಗಾಳಿಯ ಸುತ್ತಿಗೇ ಪ್ರಾಧಾನ್ಯ. ಹೆಸರು ಹೀಗಿರುವುದರಿಂದಲೋ ಏನೋ, ಗಾಳಿ ಅಡಗಿದೊಡನೆ ಚಂಡಮಾರುತವೂ ಮುಗಿಯಿತೆಂದು ತಿಳಿಯುವುದು ಲೋಕರೂಢಿಯಾಗಿದೆ. ಕಡಲಿನಿಂದ ದೂರದಲ್ಲಿರುವ ಬಯಲುಸೀಮೆಯ ಜನರಿಗೆ ಈ ತಿಳಿವಳಿಕೆ ಹಿತವಾದುದಲ್ಲ. ಗಾಳಿ ದಡದಲ್ಲಿ ಸೋಲುತ್ತದೆ. ಮಳೆಯಾದರೋ ನಾಡಿನೊಳಕ್ಕೆ ನಡೆದು ಬರುತ್ತದೆ.

ಇದಕ್ಕೆ ಕಾರಣ ಸರಳವಾದುದು. ಬೆಚ್ಚಗಿನ ಕಡಲಿನಿಂದ ಏಳುವ ನೀರಾವಿಯೇ ಚಂಡಮಾರುತದ ಆಹಾರ. ಆವಿಯು ಮೋಡವಾಗುವಾಗ ಬಿಡುಗಡೆಯಾಗುವ ಶಾಖವೇ ಅದರ ಬಲ. ನೆಲವನ್ನು ಮೆಟ್ಟಿದೊಡನೆ ಈ ಆಹಾರ ಕಡಿದುಹೋಗುತ್ತದೆ. ನೆಲದ ಒರಟುತನವೂ ಗಾಳಿಯನ್ನು ತಡೆಯುತ್ತದೆ. ಆದ್ದರಿಂದ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿಯೇ ವೇಗ ಕುಗ್ಗುತ್ತದೆ. ಗಂಟೆಗೆ 62 ಕಿಲೋಮೀಟರಿಗಿಂತ ಕಡಮೆಯಾದರೆ ಹವಾಮಾನ ಇಲಾಖೆಯವರು ಅದನ್ನು ಚಂಡಮಾರುತವೆನ್ನದೆ ವಾಯುಭಾರ ಕುಸಿತವೆನ್ನುವರು. ಹೆಸರು ಹೋದರೂ ಹೊತ್ತು ತಂದ ತೇವ ಹೋಗಿರುವುದಿಲ್ಲ. ಬೆಟ್ಟಗಳು ಅಡ್ಡಬಂದು ಆ ತೇವವನ್ನು ಮೇಲಕ್ಕೆತ್ತಿದರೆ, ಅಥವಾ ಸುಳಿಯು ಒಂದೆಡೆ ಮಂದಗತಿಯಿಂದ ನಿಂತರೆ, ಮಳೆ ಧಾರಾಕಾರವಾಗುತ್ತದೆ.

2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ದಡ ಸೇರಿದ ‘ಫೆಂಗಲ್’ ಇದಕ್ಕೆ ಸ್ಪಷ್ಟವಾದ ನಿದರ್ಶನ. ಡಿಸೆಂಬರ್ 1ರ ಬೆಳಗಿನವರೆಗೆ ಕಡಲಿಗೆ ಸಮೀಪದ ಮೈಲಂನಲ್ಲಿ ಸುಮಾರು 51 ಸೆಂಟಿಮೀಟರ್ ಮಳೆಯಾಯಿತು. ಮರುದಿನದ ಬೆಳಗಿನ ಲೆಕ್ಕದಲ್ಲಿ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯಲ್ಲಿ ಸುಮಾರು 50 ಸೆಂಟಿಮೀಟರ್! ಊತ್ತಂಗರೆ ಕಡಲಿನಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದು, ಕರ್ನಾಟಕದ ಗಡಿಗೆ ಹೊಂದಿದ ಜಿಲ್ಲೆಗೆ ಸೇರಿದುದು. ಅನಂತರ ಆ ಸುಳಿಯ ಅವಶೇಷವು ನಮ್ಮ ನಾಡಿನ ಮೇಲೆ ಹಾದು ಅರಬ್ಬೀ ಸಮುದ್ರವನ್ನು ಸೇರಿತು. 2021ರ ಸೆಪ್ಟೆಂಬರ್ 26ರಂದು ಆಂಧ್ರದ ಕಳಿಂಗಪಟ್ಟಣದ ಬಳಿ ದಡ ಹತ್ತಿದ ‘ಗುಲಾಬ್’ ತೆಲಂಗಾಣ, ಮರಾಠವಾಡಗಳನ್ನು ತೋಯಿಸಿ, ಪಶ್ಚಿಮದ ಕಡಲಿನಲ್ಲಿ ‘ಶಾಹೀನ್’ ಎಂಬ ಹೊಸ ಹೆಸರು ಪಡೆದು ಒಮಾನ್ ದೇಶವನ್ನು ತಲಪಿತು.

ಹೆಸರೇ ಪಡೆಯದ ಸುಳಿಗಳೂ ಉಂಟು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಬಂಗಾಳಕೊಲ್ಲಿಯಲ್ಲಿ ಹುಟ್ಟಿದ ಕಡಮೆ ಒತ್ತಡದ ಸುಳಿಯು ಚಂಡಮಾರುತದ ಪದವಿಗೆ ಏರಲಿಲ್ಲ. ಆದರೂ ವಿಜಯಪುರ, ಬಾಗಲಕೋಟೆ, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ಮಳೆ ಹೊಳೆಗಳು ಒಂದಾದುವು. ಮಂತ್ರಾಲಯವು ತುಂಗಭದ್ರೆಯಲ್ಲಿ ಮುಳುಗಿತು. ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಅಸುನೀಗಿದರು. ಗಾಳಿಯ ಅಳತೆಯಿಂದ ಮಳೆಯ ಅಪಾಯವನ್ನು ನಿರ್ಣಯಿಸಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಹಾಗಾದರೆ ಮಳೆಯು ಎಲ್ಲಿಯವರೆಗೆ ಬಂದಿತೆಂಬುದನ್ನು ಬಲ್ಲವರು ಹೇಗೆ ಗುರುತಿಸುವರು? ನಮ್ಮ ದೇಶದಲ್ಲಿ ಪ್ರತಿದಿನ ಬೆಳಿಗ್ಗೆ 8-30ಕ್ಕೆ ಹಿಂದಿನ 24 ಗಂಟೆಗಳ ಮಳೆಯನ್ನು ಅಳೆಯುವುದು ವಾಡಿಕೆ. ಆ ಅಂಕಿಗಳನ್ನು ಊರೂರಿನ ಸ್ಥಾನದಲ್ಲಿ ಭೂಪಟದ ಮೇಲೆ ಬರೆದು, ಸಮನಾದ ಮಳೆ ಬಿದ್ದ ಸ್ಥಳಗಳನ್ನು ಗೆರೆಗಳಿಂದ ಕೂಡಿಸುವರು. ಇವೇ ಸಮವೃಷ್ಟಿ ರೇಖೆಗಳು. ಅದರ ಮೇಲೆ ಸುಳಿಯ ಕೇಂದ್ರವು ನಡೆದ ಹಾದಿಯನ್ನು ಎಳೆಯುವರು. ಸುಳಿಯ ಮಳೆಯನ್ನು ಇತರ ಮಳೆಯಿಂದ ಬೇರ್ಪಡಿಸಲು, ಕೇಂದ್ರದಿಂದ ಸುಮಾರು 500 ಕಿಲೋಮೀಟರ್ ಒಳಗಿನ ಮಳೆಯನ್ನು ಮಾತ್ರ ಅದರ ಲೆಕ್ಕಕ್ಕೆ ಹಿಡಿಯುವುದು ಅನೇಕ ವಿದ್ವಾಂಸರ ಕ್ರಮ. ಹೀಗೆ ಹಲವು ವರ್ಷಗಳ ಪಟಗಳನ್ನು ಒಂದರ ಮೇಲೊಂದಿಟ್ಟು ನೋಡಿದಾಗ, ಕಡಲಿನಿಂದ ಎಷ್ಟು ದೂರಕ್ಕೆ ಎಷ್ಟು ಸಲ ಎಷ್ಟು ಮಳೆ ಬಂದೀತೆಂಬುದು ಗೋಚರಿಸುತ್ತದೆ.

ಮಳೆಯು ಹಾದಿಯ ಎರಡು ಪಕ್ಕಗಳಲ್ಲಿ ಸಮನಾಗಿ ಹರಡುವುದಿಲ್ಲವೆಂಬುದೂ ಈ ಪಟಗಳಿಂದ ತಿಳಿಯುತ್ತದೆ. 2012ರ ಅಕ್ಟೋಬರ್ 31ರಂದು ‘ನೀಲಂ’ ಮಹಾಬಲಿಪುರದ ಬಳಿ ದಡ ದಾಟಿತು; ಮುಂದಿನ ದಿನಗಳಲ್ಲಿ ಭಾರಿ ಮಳೆ ಸುರಿದದ್ದು ಬಹುದೂರ ಉತ್ತರದ ಕರಾವಳಿ ಆಂಧ್ರದಲ್ಲಿ. ಹಾದಿಯ ಗೆರೆಯೊಂದನ್ನೇ ನೋಡಿ ನಿಶ್ಚಿಂತರಾಗುವುದು ಸಲ್ಲದು.

1997ರಿಂದೀಚೆಗೆ ಮಳೆಯನ್ನು ಗಮನಿಸುವ ಉಪಗ್ರಹಗಳು ಆಕಾಶವನ್ನೇರಿವೆ. ರೇಡಾರ್ ಯಂತ್ರಗಳೂ ಇವೆ. ಆದರೆ ಅವು ಮೋಡದಿಂದ ಮಳೆಯನ್ನು ಊಹಿಸುವುವೇ ಹೊರತು ಹನಿಯನ್ನು ಹಿಡಿದು ಅಳೆಯಲಾರವು. ಆ ಊಹೆ ನಿಜವೋ ಅಲ್ಲವೋ ಎಂಬುದಕ್ಕೆ ನೆಲದ ಮೇಲಿನ ಮಳೆಮಾಪಕವೇ ಪ್ರಮಾಣ. ನಮ್ಮ ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಾಪಕಗಳನ್ನು ಇರಿಸಿರುವುದು ಶ್ಲಾಘನೀಯವಾದ ಕಾರ್ಯ. ಆದರೂ ಒಂದೇ ಊರಿನ ಎರಡು ಹೊಲಗಳಿಗೆ ಒಂದೇ ಮಳೆ ಬೀಳದು. ಮಾಪಕಗಳು ಹೆಚ್ಚಿದಷ್ಟೂ ರೇಖೆ ಸತ್ಯಕ್ಕೆ ಹತ್ತಿರವಾಗುತ್ತದೆ.

ನಮ್ಮ ರೈತರು ಚಿತ್ತೆ, ಸ್ವಾತಿ, ವಿಶಾಖೆ, ಅನುರಾಧೆಯ ಮಳೆಗಳೆಂದು ಎಣಿಸುವ ದಿನಗಳೇ ಬಂಗಾಳಕೊಲ್ಲಿಯ ಸುಳಿಗಳ ಮುಖ್ಯ ಕಾಲ. ಅದೇ ಮಳೆ ಹಿಂಗಾರಿ ಜೋಳಕ್ಕೆ ಹಸಿಯನ್ನೂ ಬತ್ತಿದ ಕೆರೆಗೆ ನೀರನ್ನೂ ಕೊಡಬಲ್ಲುದು. ಕುಯ್ದು ಹರವಿದ ರಾಗಿಯನ್ನು ಹೊಲದಲ್ಲಿಯೇ ಮೊಳೆಯಿಸಲೂ ಬಲ್ಲುದು. ಎರಡು ದಿನ ಮುಂಚಿತವಾಗಿ ತಿಳಿದರೆ ಬಣವೆ ಒಟ್ಟಬಹುದು. ಹಳ್ಳದಂಚಿನ ಮನೆಗಳವರನ್ನು ಎತ್ತರಕ್ಕೆ ಕರೆತರಬಹುದು. ಗೆರೆಯೊಂದರ ಬೆಲೆ ಇಷ್ಟು.

ಅನ್ನದಾಸೋಹ, ಅಕ್ಷರದಾಸೋಹಗಳಿಂದ ನಾಡಿಗೆ ಉಪಕರಿಸಿದ ಶ್ರೀಮಠದ ಆಶ್ರಯದಲ್ಲಿ ಬೆಳೆದ ವಿದ್ಯಾಸಂಸ್ಥೆ ನಮ್ಮದು. ಶಾಲೆಯ ಅಂಗಳದಲ್ಲಿ, ಮರಗಳ ಮರೆಯಿಲ್ಲದ ಬಯಲಿನಲ್ಲಿ, ಮಳೆಮಾಪಕವೊಂದನ್ನು ನಿಲ್ಲಿಸಲು ದಾನಿಗಳು ಮನಸ್ಸು ಮಾಡಿದರೆ ವೆಚ್ಚ ಅಲ್ಪ, ಫಲ ದೀರ್ಘ. ದಿನವೂ ಬೆಳಿಗ್ಗೆ ವಿದ್ಯಾರ್ಥಿಯೊಬ್ಬನು ಅಳೆದು ಬರೆದಿಟ್ಟ ಅಂಕಿಗಳು ಹತ್ತು ವರ್ಷಗಳಲ್ಲಿ ಊರಿನ ಆಸ್ತಿಯಾಗುವುವು. ರಜೆಯ ದಿನವೂ ತಪ್ಪದೆ ಮಾಡಬೇಕಾದ ಈ ಕೆಲಸ ಬೇಡುವುದು ಪಾಂಡಿತ್ಯವನ್ನಲ್ಲ, ನಿಷ್ಠೆಯನ್ನು. ಮಳೆಯನ್ನು ಅಳೆಯುವುದೂ ಒಂದು ಕಾಯಕವೇ ಸರಿ.