ಸೋಮನ ಮುಖವಾಡ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯನ್ನೊಳಗೊಂಡ ತುಮಕೂರು ಜಿಲ್ಲೆಯಲ್ಲಿ ಗ್ರಾಮದೇವತೆಯ ಹಬ್ಬಕ್ಕೆ ಸೋಮನ ಕುಣಿತವುಂಟು. ಹಾಸನ, ಮಂಡ್ಯ ಜಿಲ್ಲೆಗಳಲ್ಲಿಯೂ ಇದು ರೂಢಿಯಲ್ಲಿದೆ. ಕುಣಿಯುವವರು ಬಹುಮಟ್ಟಿಗೆ ಗಂಗಾಮತಸ್ಥರು. ಮರದಲ್ಲಿ ಕೆತ್ತಿ ಬಣ್ಣ ಬಳಿದ ದೊಡ್ಡ ಮುಖವಾಡವನ್ನು ಹೊತ್ತು, ದೋಣು ಮೌರಿಗಳ ನಾದಕ್ಕೆ ಅವರು ಹೆಜ್ಜೆ ಹಾಕುತ್ತ ಬಂದರೆ ಮಕ್ಕಳು ಸೆರಗಿನ ಮರೆಗೆ ಸರಿಯುತ್ತಾರೆ. ಇದು ಕಾಡುಜನರ ಕಲೆಯಲ್ಲ, ಬೇಸಾಯಗಾರರ ಊರಿನ ಕಲೆ. ಆದರೂ ಭೀತಿಗೆ ರೂಪ ಕೊಡುವ ವಿದ್ಯೆಯಲ್ಲಿ ಆಫ್ರಿಕದ ಬುಡಕಟ್ಟುಗಳ ಮುಖವಾಡಗಳಿಗೆ ಇದು ನಂಟು.

ಈ ಮುಖದಲ್ಲಿ ಮೊದಲು ಸೆಳೆಯುವುದು ಕಣ್ಣು. ಶಾಂತನಾಗಿರುವ ಮನುಷ್ಯನ ಕರಿಯಾಲಿಯ ಮೇಲಂಚು ರೆಪ್ಪೆಯಡಿಯಲ್ಲಿ ಮರೆಯಾಗಿರುತ್ತದೆ. ಬೆಚ್ಚಿದಾಗ ಮಾತ್ರ ಅದರ ಮೇಲೂ ಬಿಳುಪು ತೋರುತ್ತದೆ. ಸೋಮನ ಕಣ್ಣು ಸದಾ ಹಾಗೆಯೇ ಅರಳಿರುತ್ತದೆ. ನಮ್ಮ ಮಿದುಳಿನಲ್ಲಿ ಅಮಿಗ್ಡಲವೆಂಬ, ಬಾದಾಮಿಯ ಬೀಜವನ್ನು ಹೋಲುವ ಭಾಗವೊಂದಿದೆ. ಅಪಾಯದ ಸುಳಿವನ್ನು ಹಿಡಿಯುವುದರಲ್ಲಿ ಅದರ ಪಾತ್ರ ದೊಡ್ಡದು. 2004ರಲ್ಲಿ ಅಮೆರಿಕದ ಸಂಶೋಧಕರು ಅಂಜಿದ ಕಣ್ಣುಗಳ ಬಿಳುಪನ್ನಷ್ಟೇ ಸೆಕೆಂಡಿನ ಸುಮಾರು 60ನೆಯ ಒಂದು ಪಾಲು ಕಾಲ ತೋರಿಸಿದರು. ಕಂಡದ್ದೇನೆಂಬುದು ನೋಡಿದವರ ಅರಿವಿಗೇ ಬರಲಿಲ್ಲ. ಅಮಿಗ್ಡಲ ಮಾತ್ರ ಎಚ್ಚೆತ್ತಿತ್ತು.

ಎದುರಿಗಿರುವವನ ಮನಸ್ಸನ್ನು ನಾವು ಅವನ ಮುಖದ ಚಲನೆಯಿಂದ ಊಹಿಸುತ್ತೇವೆ. ಸೋಮನ ಮೈಯೆಲ್ಲ ಕುಣಿಯುತ್ತದೆ, ಮುಖ ಅಲುಗದು. ಅವನು ಮನುಷ್ಯನಲ್ಲವೆಂಬ ಭಾವನೆಯ ಬಹುಪಾಲು ಇದರಿಂದಲೇ ಹುಟ್ಟುತ್ತದೆಂದು ನನಗೆ ತೋರುತ್ತದೆ.

ಇಷ್ಟು ಭಯಂಕರನಾದ ಇವನು ಶತ್ರುವಲ್ಲ, ದೇವಿಯ ಕಾವಲಿನವನು! ಕೆಂಪು ಮುಖದ ಸೋಮ ಸೌಮ್ಯನೆಂದೂ ಹಳದಿ ಅಥವಾ ಕಪ್ಪು ಮುಖದವನು ಉಗ್ರನೆಂದೂ ಹೇಳುವುದುಂಟು. ಹಿಂದೆ ಊರುಗಳನ್ನು ಹಾಳುಗೆಡವುತ್ತಿದ್ದ ಸಿಡುಬಿಗೆ, ಪ್ಲೇಗಿಗೆ ಮುಖವಿರಲಿಲ್ಲ. ಯಾವ ಹಾದಿಯಲ್ಲಿ ಬಂದಾವೆಂದು ಯಾರೂ ಅರಿಯರು. ಸೋಮನಿಗಾದರೋ ಮುಖವುಂಟು, ಹೆಸರುಂಟು, ಬರುವ ದಿನವೂ ಗೊತ್ತು. ಅವನು ರೋಗವನ್ನು ತಡೆಯಲಿಲ್ಲ. ಸಿಡುಬನ್ನು ಅಳಿಸಿದ್ದು ಲಸಿಕೆ. 1980ರಲ್ಲಿ ಅದು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಆದರೆ ದಿಕ್ಕುಗಾಣದ ಭೀತಿಯನ್ನು ಊರೆಲ್ಲ ಒಟ್ಟಾಗಿ ನಿಂತು ನೋಡಬಹುದಾದ ಭೀತಿಯನ್ನಾಗಿ ಅವನು ಮಾರ್ಪಡಿಸಿದ್ದನು.

ಒಟ್ಟಾಗಿ ನೋಡುವುದರಿಂದಾಗುವ ವ್ಯತ್ಯಾಸವನ್ನು 1985ರ ಒಂದು ಪ್ರಯೋಗ ತೋರಿಸುತ್ತದೆ. ಗಾಜಿನ ಹಾಸಿನ ಕೆಳಗೆ ಚಿಕ್ಕದೊಂದು ಹಳ್ಳ ಕಾಣುವಂತೆ ಮಾಡಿ, ಒಂದು ವರ್ಷದ ಕೂಸುಗಳನ್ನು ಅದರ ಅಂಚಿಗೆ ಬಿಟ್ಟರು. ಆಚೆಗೆ ನಿಂತ ತಾಯಿ ನಗುಮುಖ ತೋರಿದಾಗ 19 ಕೂಸುಗಳಲ್ಲಿ 14 ದಾಟಿದುವು. ಅಂಜಿದ ಮುಖ ತೋರಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಸೋಮನೆದುರಿನ ಮಗುವೂ ಒಮ್ಮೆ ಮುಖವಾಡವನ್ನು, ಒಮ್ಮೆ ಕೈಮುಗಿದು ನಿಂತ ತಾಯಿಯನ್ನು ನೋಡುತ್ತದೆ.