‘3 ಟನ್ ಎತ್ತುತ್ತೆ, 7 ಮೀಟರ್ ಹೋಗುತ್ತೆ’: ಸೆಕೆಂಡ್ ಹ್ಯಾಂಡ್ ಟೆಲಿಹ್ಯಾಂಡ್ಲರ್ ಕೊಳ್ಳುವ ಮುನ್ನ ಇದನ್ನು ಓದಿ

‘ಕ್ರೇನ್ ಬೇಡ, ಫೋರ್ಕ್‌ಲಿಫ್ಟ್ ಬೇಡ, ಎಲ್ಲ ಕೆಲಸಕ್ಕೂ ಒಂದೇ ಗಾಡಿ. 3 ಟನ್ ಎತ್ತುತ್ತೆ, 7 ಮೀಟರ್ ಹೋಗುತ್ತೆ. ಸಿಂಗಲ್ ಓನರ್, ಕಡಿಮೆ ಓಡಿದೆ.’ ಇಂಥ ಸಾಲುಗಳ ಜೊತೆ ಉದ್ದ ತೋಳಿನ ಯಂತ್ರವೊಂದರ ವಿಡಿಯೊ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ತೋಟ, ಗೋದಾಮು, ವೆಲ್ಡಿಂಗ್ ಶೆಡ್ ಇಟ್ಟುಕೊಂಡವರಿಗೆ ಇದು ಆಸೆ ಹುಟ್ಟಿಸುವ ಮಾತೇ.

ಈ ಮಾತು ನಿಜವೇ? ಅರ್ಧ ನಿಜ. 3 ಟನ್ ಎತ್ತುವುದು ನಿಜ, 7 ಮೀಟರ್ ಹೋಗುವುದೂ ನಿಜ. ಆದರೆ ತೋಳು ಎಲ್ಲಿದ್ದರೂ 3 ಟನ್ ಎತ್ತುತ್ತದೆ ಎಂಬುದು ಸುಳ್ಳು. ಗಾಡಿ ಮಗುಚಿ ಜನ ಸಾಯುವುದು ಈ ಉಳಿದರ್ಧ ಗೊತ್ತಿಲ್ಲದೆ.

ಏನಿದು ಟೆಲಿಹ್ಯಾಂಡ್ಲರ್?

ನಮ್ಮಲ್ಲಿ ಹಳದಿ ಬಣ್ಣದ ದೊಡ್ಡ ಯಂತ್ರಗಳೆಲ್ಲ ‘ಜೆಸಿಬಿ’. ನಿಜಕ್ಕೂ ಜೆಸಿಬಿ ಎಂಬುದು ಬ್ರಿಟನ್ನಿನ ಒಂದು ಕಂಪನಿಯ ಹೆಸರು, ಅದರ ಸ್ಥಾಪಕ ಜೋಸೆಫ್ ಸಿರಿಲ್ ಬ್ಯಾಂಫರ್ಡ್ ಅವರ ಹೆಸರಿನ ಮೊದಲಕ್ಷರಗಳು. ಮಣ್ಣು ಅಗೆಯುವ ನಮ್ಮ ಪರಿಚಯದ ಗಾಡಿ ಬ್ಯಾಕ್‌ಹೋ ಲೋಡರ್. ಟೆಲಿಹ್ಯಾಂಡ್ಲರ್ ಬೇರೆಯೇ ಯಂತ್ರ. ಇದರ ತೋಳು ರೇಡಿಯೊದ ಆಂಟೆನಾದಂತೆ ಒಂದರೊಳಗಿಂದ ಒಂದು ಹೊರಬಂದು ಉದ್ದವಾಗುತ್ತದೆ. ತುದಿಗೆ ಫೋರ್ಕ್, ಬಕೆಟ್, ಕೊಕ್ಕೆ ಹೀಗೆ ಬೇಕಾದ್ದನ್ನು ಸಿಕ್ಕಿಸಬಹುದು. ಜೆಸಿಬಿ ಕಂಪನಿ 1977ರಲ್ಲಿ ‘ಲೋಡಾಲ್’ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಬ್ರಿಟನ್, ಯುರೋಪಿನ ರೈತರು ಹುಲ್ಲಿನ ಕಟ್ಟು ಒಟ್ಟಲು, ಗೊಬ್ಬರ ಮತ್ತು ಧಾನ್ಯ ಸಾಗಿಸಲು ಇದನ್ನು ದಿನವೂ ಬಳಸುತ್ತಾರೆ. ಭಾರತದಲ್ಲಿ ಕಟ್ಟಡ ಕಾಮಗಾರಿ ಮತ್ತು ಗೋದಾಮುಗಳಲ್ಲಿ ಹೆಚ್ಚು ಕಾಣಿಸುತ್ತದೆ.

ಮಾದರಿ ಸಂಖ್ಯೆಯಲ್ಲೇ ಅರ್ಧ ವಿಷಯ ಇರುತ್ತದೆ. ಜೆಸಿಬಿ 530-70 ಎಂದರೆ 3.0 ಟನ್, 7.0 ಮೀಟರ್. ಫ್ರಾನ್ಸಿನ ಮ್ಯಾನಿಟೂ ಕಂಪನಿಯ ಎಂಎಲ್‌ಟಿ 735 ಎಂದರೆ 7 ಮೀಟರ್, 3.5 ಟನ್. ಒಬ್ಬರು ತೂಕ ಮೊದಲು ಬರೆಯುತ್ತಾರೆ, ಇನ್ನೊಬ್ಬರು ಎತ್ತರ ಮೊದಲು. ಗೊತ್ತಿಲ್ಲದೆ ಓದಿದರೆ ತಲೆಕೆಳಗಾಗುತ್ತದೆ.

3 ಟನ್ ಯಾವಾಗ 1 ಟನ್ ಆಗುತ್ತದೆ?

ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಅರ್ಧ ಮೈಲಿ ನಡೆಯಬಹುದು. ಅದೇ ಬಿಂದಿಗೆಯನ್ನು ಕೈ ಮುಂದೆ ಚಾಚಿ ಹಿಡಿದು ನೋಡಿ, ಅರೆ ನಿಮಿಷದಲ್ಲಿ ಮೈ ಮುಂದಕ್ಕೆ ಬಾಗುತ್ತದೆ. ಬಿಂದಿಗೆಯ ತೂಕ ಹೆಚ್ಚಿಲ್ಲ, ದೂರ ಹೆಚ್ಚಿದೆ.

ಟೆಲಿಹ್ಯಾಂಡ್ಲರ್‌ನಲ್ಲೂ ಇದೇ ಲೆಕ್ಕ. ಮುಂದಿನ ಚಕ್ರಗಳು ತಕ್ಕಡಿಯ ನಡುಗೂಟ. ಹಿಂದೆ ಗಾಡಿಯ ತೂಕ, ಮುಂದೆ ಸರಕಿನ ತೂಕ. ಉದಾಹರಣೆಗೆ ಏಳೂವರೆ ಟನ್ ಗಾಡಿಯ ತೂಕದ ಕೇಂದ್ರ ಮುಂದಿನ ಚಕ್ರದಿಂದ 1.2 ಮೀಟರ್ ಹಿಂದಿದೆ ಎಂದುಕೊಳ್ಳಿ. ಎರಡನ್ನೂ ಗುಣಿಸಿದರೆ 9. ಸರಕು ಚಕ್ರದಿಂದ 1.5 ಮೀಟರ್ ಮುಂದಿದ್ದರೆ 9 ಭಾಗಿಸು 1.5, ಅಂದರೆ 6 ಟನ್ ಬಂದಾಗ ಗಾಡಿ ಹಿಂದಿನ ಚಕ್ರ ಎತ್ತುತ್ತದೆ. ತೋಳು ಚಾಚಿ ಸರಕು 4.5 ಮೀಟರ್ ಮುಂದೆ ಹೋದರೆ? ಬರೀ 2 ಟನ್‌ಗೇ ಎತ್ತುತ್ತದೆ. ತೋಳಿನ ಸ್ವಂತ ತೂಕವೂ ಮುಂದಕ್ಕೆ ಸರಿಯುವುದರಿಂದ ನಿಜದಲ್ಲಿ ಇದಕ್ಕೂ ಕಡಿಮೆ. ತಯಾರಕರು ಇದರ ಮೇಲೆ ಸುರಕ್ಷತೆಗೆ ಅಂತರ ಬಿಟ್ಟು ಮಿತಿ ಬರೆಯುತ್ತಾರೆ. ಹಾಗಾಗಿ ಹತ್ತಿರದಲ್ಲಿ 3 ಟನ್ ಎತ್ತುವ ಗಾಡಿ ಪೂರ್ತಿ ಚಾಚಿದಾಗ ಅದರ ಅರ್ಧವನ್ನೂ ಎತ್ತಲಾರದು.

ಇದು ಪುಸ್ತಕದ ಲೆಕ್ಕವಲ್ಲ. 50 ಕೆಜಿಯ 40 ಡಿಎಪಿ ಚೀಲ ಜೋಡಿಸಿದ ಹಲಗೆ ಎಂದರೆ 2 ಟನ್. ಲಾರಿಯ ಈ ಬದಿಯ ಹಲಗೆಯನ್ನು ಗಾಡಿ ಸಲೀಸಾಗಿ ಇಳಿಸುತ್ತದೆ. ಆ ಬದಿಯದನ್ನು ತೆಗೆಯಲು ಲಾರಿಯ ಅಗಲದಷ್ಟು ತೋಳು ಚಾಚಬೇಕು. ಅದೇ ಹಲಗೆ, ಅದೇ ಗಾಡಿ, ಈ ಸಲ ಹಿಂದಿನ ಚಕ್ರ ನೆಲ ಬಿಡಬಹುದು. ಲಾರಿಯನ್ನು ತಿರುಗಿಸಿ ನಿಲ್ಲಿಸುವುದೇ ಸರಿಯಾದ ದಾರಿ.

ಇನ್ನೊಂದು ವಿಷಯ. ಗಾಡಿ ಮುಂದಕ್ಕೆ ಬಾಗುತ್ತಿದೆ ಅನಿಸಿದರೆ ಕೈ ತಾನಾಗಿ ತೋಳನ್ನು ಕೆಳಗಿಳಿಸಲು ಹೋಗುತ್ತದೆ. ಎತ್ತರದಲ್ಲಿರುವ ತೋಳನ್ನು ಹಾಗೇ ಇಳಿಸಿದರೆ ಸರಕು ಇನ್ನೂ ಮುಂದಕ್ಕೆ ಹೋಗುತ್ತದೆ. ಮೊದಲು ತೋಳನ್ನು ಒಳಗೆಳೆಯಬೇಕು, ಆಮೇಲೆ ಇಳಿಸಬೇಕು.

ಈ ಮಿತಿಗಳನ್ನೆಲ್ಲ ಚಿತ್ರದಲ್ಲಿ ತೋರಿಸುವ ಹಾಳೆಗೆ ಲೋಡ್ ಚಾರ್ಟ್ ಎನ್ನುತ್ತಾರೆ. ಅದು ಚಾಲಕನ ಕ್ಯಾಬಿನ್‌ನಲ್ಲಿ ಅಂಟಿಸಿರಬೇಕು. ಫೋರ್ಕ್‌ಗೆ ಒಂದು, ಬಕೆಟ್‌ಗೆ ಒಂದು, ಕೊಕ್ಕೆಗೆ ಒಂದು, ಹೀಗೆ ಬೇರೆ ಬೇರೆ ಚಾರ್ಟ್ ಇರುತ್ತದೆ. ಗಾಡಿ ನೋಡಲು ಹೋಗುವ ಮೊದಲು ನಿಮ್ಮ ಅತಿ ಭಾರದ ಸರಕು ಎಷ್ಟು ಕೆಜಿ, ಅದನ್ನು ಎಷ್ಟು ಎತ್ತರಕ್ಕೆ ಮತ್ತು ಎಷ್ಟು ಮುಂದಕ್ಕೆ ಇಡಬೇಕು ಎಂದು ಬರೆದುಕೊಳ್ಳಿ. ಈ ಮೂರು ಅಂಕಿ ಚಾರ್ಟ್‌ನೊಳಗೆ ಕೂರದಿದ್ದರೆ ಬೆಲೆ ಎಷ್ಟೇ ಕಡಿಮೆಯಾದರೂ ಆ ಗಾಡಿ ನಿಮ್ಮದಲ್ಲ. ಎತ್ತುವುದು 1 ಟನ್‌ಗಿಂತ ಕಡಿಮೆ, ಅದೂ ತಲೆಯೆತ್ತರಕ್ಕೆ ಮಾತ್ರ ಎಂದಾದರೆ ನಿಮ್ಮ ಟ್ರ್ಯಾಕ್ಟರಿಗೆ ಹೊಂದುವ ಮುಂಭಾಗದ ಲೋಡರ್ ಸಾಕಾಗಬಹುದು.

‘ಮೀಟರ್‌ನಲ್ಲಿ ಗಂಟೆ ಕಡಿಮೆ ಇದೆ’: ನಂಬಬಹುದೇ?

ಮೀಟರ್ ಬದಲಾಯಿಸಬಹುದು, ಕೆಟ್ಟು ವರ್ಷಗಟ್ಟಲೆ ನಿಂತಿರಲೂಬಹುದು. ಸವೆತವನ್ನು ಮುಚ್ಚುವುದು ಅಷ್ಟು ಸುಲಭವಲ್ಲ. ಪೆಡಲ್‌ನ ರಬ್ಬರ್, ಸೀಟು, ಸ್ಟಿಯರಿಂಗ್ ನೋಡಿ. ಮೀಟರ್ ಕಡಿಮೆ ತೋರಿಸುತ್ತಿದ್ದು ಪೆಡಲ್ ನುಣ್ಣಗಾಗಿದ್ದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ.

ನಿಜವಾದ ವಯಸ್ಸು ತೋಳಿನಲ್ಲಿರುತ್ತದೆ. ತೋಳಿನ ಭಾಗಗಳು ಒಂದರೊಳಗೊಂದು ಜಾರಲು ನಡುವೆ ಗಟ್ಟಿ ಪ್ಲಾಸ್ಟಿಕ್ ಪಟ್ಟಿಗಳಿರುತ್ತವೆ. ಅವು ಸವೆದರೆ ತೋಳು ಅಲುಗಾಡುತ್ತದೆ, ಕೊನೆಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ತೋಳನ್ನು ನೆಲಕ್ಕೆ ಸಮವಾಗಿ ಚಾಚಿಸಿ, ದೂರ ನಿಂತು ಗಮನಿಸಿ. ಮೇಲೆ ಕೆಳಗೆ ಕುಣಿಯುತ್ತಿದ್ದರೆ, ಬದಿಯಲ್ಲಿ ಗೀರು ಬಿದ್ದಿದ್ದರೆ ಖರ್ಚು ಕಾದಿದೆ. ತುದಿಯ ಪಿನ್ನುಗಳ ಸಡಿಲವನ್ನೂ ನೋಡಿ.

ಫೋರ್ಕ್ ಬಗ್ಗೆ ಒಂದು ಅಂಕಿ ನೆನಪಿಡಿ. ಅದು ಎಲ್ ಆಕಾರದಲ್ಲಿ ಬಾಗುವ ಜಾಗವೇ ಹಿಮ್ಮಡಿ. ಅಲ್ಲಿ ದಪ್ಪ ಶೇ 10ರಷ್ಟು ಸವೆದರೆ ಆ ಫೋರ್ಕ್ ತೆಗೆದುಹಾಕಬೇಕು. ಶೇ 10ಕ್ಕೆ ಇಷ್ಟು ಕಟ್ಟುನಿಟ್ಟೇಕೆ? ಬಾಗುವಿಕೆಯನ್ನು ತಡೆಯುವ ಬಲ ದಪ್ಪದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 0.9 ಗುಣಿಸು 0.9 ಎಂದರೆ 0.81. ಹತ್ತರಷ್ಟು ಸವೆತಕ್ಕೆ ಹತ್ತೊಂಬತ್ತರಷ್ಟು ಶಕ್ತಿ ಹೋಯಿತು.

‘ಹೊಸ ಪೇಂಟ್, ಹೊಸ ಗಾಡಿಯಂತಿದೆ’

ಪೂರ್ತಿ ಪೇಂಟ್ ಹೊಡೆದ ಹಳೆಯ ಗಾಡಿಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ತೋಳಿನ ಬುಡ, ಚಾಸಿಗೆ ಸೇರುವ ಜಾಗ, ಫೋರ್ಕ್ ಹಿಡಿಯುವ ಚೌಕಟ್ಟು, ಈ ಮೂರು ಕಡೆ ಬಿರುಕು ಅಥವಾ ಮತ್ತೆ ಮಾಡಿದ ವೆಲ್ಡಿಂಗ್ ಇದೆಯೇ ಹುಡುಕಿ. ಕಾರ್ಖಾನೆಯ ವೆಲ್ಡಿಂಗ್ ಒಂದೇ ಸಮ ಇರುತ್ತದೆ. ಊರ ಶೆಡ್‌ನಲ್ಲಿ ಹಾಕಿದ ತೇಪೆ ಕಣ್ಣಿಗೆ ಬೀಳುತ್ತದೆ, ಬೆರಳಿಗೆ ತಾಗುತ್ತದೆ. ತೋಳಿಗೆ ತೇಪೆ ಬಿದ್ದಿದ್ದರೆ ಬೇಡ ಎನ್ನಿ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಹೊತ್ತಿಗೆ ಬಾನೆಟ್ ಬಿಸಿಯಾಗಿದ್ದರೆ ಯಾಕೆ ಎಂದು ಕೇಳಿ. ಬಿಡದೆ ಬರುವ ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುವ ಸೂಚನೆ. ಬಳಿಕ ಒಂದು ಭಾರ ಎತ್ತಿಸಿ, ಎಂಜಿನ್ ನಿಲ್ಲಿಸಿ, ಹತ್ತು ನಿಮಿಷ ದೂರ ನಿಂತು ನೋಡಿ. ತೋಳು ಕಣ್ಣಿಗೆ ಕಾಣುವಂತೆ ಕೆಳಗಿಳಿಯುತ್ತಿದ್ದರೆ ಸಿಲಿಂಡರ್ ಸೀಲ್ ಅಥವಾ ವಾಲ್ವ್ ದುರ್ಬಲವಾಗಿದೆ. ಎತ್ತಿದ ತೋಳಿನ ಕೆಳಗೆ ಮಾತ್ರ ಯಾರೂ ನಿಲ್ಲಬಾರದು.

ಎಣ್ಣೆ ಸೋರಿಕೆಯನ್ನು ಕೈಯಿಂದ ಸವರಿ ನೋಡಬೇಡಿ

ಇದು ಆರೋಗ್ಯದ ವಿಷಯ, ಎಲ್ಲರಿಗೂ ತಿಳಿಸಿ. ಕಾರಿನ ಚಕ್ರದಲ್ಲಿ ಗಾಳಿಯ ಒತ್ತಡ ಸುಮಾರು 2 ಬಾರ್. ಇಂಥ ಯಂತ್ರದ ಹೈಡ್ರಾಲಿಕ್ ಪೈಪಿನಲ್ಲಿ ಅದು 200 ಬಾರ್ ದಾಟುತ್ತದೆ. ಸೂಜಿ ಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಕೈಗವಸನ್ನೂ ಚರ್ಮವನ್ನೂ ಸೀಳಿ ಒಳಹೋಗುತ್ತದೆ. ಮೊದಲಿಗೆ ಮುಳ್ಳು ಚುಚ್ಚಿದಂತೆ ಸಣ್ಣ ಚುಕ್ಕೆ, ನೋವೂ ಕಡಿಮೆ. ಕೆಲವೇ ಗಂಟೆಗಳಲ್ಲಿ ಒಳಗಿನ ಮಾಂಸಖಂಡ ಹಾಳಾಗತೊಡಗುತ್ತದೆ. ತಡವಾದರೆ ಬೆರಳು ಅಥವಾ ಕೈ ಕಳೆದುಕೊಳ್ಳಬೇಕಾಗಬಹುದು. ಅರಿಶಿನ ಹಚ್ಚಿ ಬಟ್ಟೆ ಕಟ್ಟಿ ಕಾಯಬೇಡಿ. ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ‘ಹೈಡ್ರಾಲಿಕ್ ಎಣ್ಣೆ ಒತ್ತಡದಲ್ಲಿ ಒಳಹೊಕ್ಕಿದೆ’ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ಸೋರಿಕೆ ಹುಡುಕಲು ಎಂಜಿನ್ ನಿಲ್ಲಿಸಿ, ಒತ್ತಡ ಇಳಿಸಿ, ಕೈ ದೂರವಿಟ್ಟು ರಟ್ಟಿನ ತುಂಡು ಬಳಸಿ.

‘ಅಲಾರಾಂ ಕಿರಿಕಿರಿ, ತೆಗೆಸಿದ್ದೇವೆ’

ಮಾರುವವರು ಇದನ್ನು ಅನುಕೂಲ ಎಂಬಂತೆ ಹೇಳಬಹುದು. ಅದು ಮಗುಚುವ ಮುನ್ನ ಎಚ್ಚರಿಸುವ ಸಾಧನ. ಹಳೆಯ ಗಾಡಿಗಳಲ್ಲಿ ದೀಪ ಮತ್ತು ಶಬ್ದ ಮಾತ್ರ ಇರುತ್ತದೆ. 2008ರ ಯುರೋಪಿನ ಇಎನ್ 15000 ಮಾನದಂಡ ಬಂದ ಮೇಲಿನ ಗಾಡಿಗಳಲ್ಲಿ ಮಿತಿ ಮುಟ್ಟಿದಾಗ ತೋಳು ಅಪಾಯದ ಕಡೆಗೆ ಚಲಿಸುವುದನ್ನೇ ಯಂತ್ರ ತಡೆಯುತ್ತದೆ. ಈ ಸಾಧನ ಕೆಲಸ ಮಾಡುತ್ತಿದೆಯೇ ಎಂದು ತಿಳಿದ ಮೆಕ್ಯಾನಿಕ್‌ನಿಂದ ಪರೀಕ್ಷಿಸಿ. ವೈರ್ ಕತ್ತರಿಸಿದ್ದರೆ ಹಿಂದಿನ ಮಾಲೀಕರು ಮಿತಿ ಮೀರಿ ಎತ್ತಿರುವ ಸಾಧ್ಯತೆ ಹೆಚ್ಚು.

ಈ ಸಾಧನ ಮುಂದಕ್ಕೆ ಮಗುಚುವುದನ್ನು ನೋಡಿಕೊಳ್ಳುತ್ತದೆ, ಪಕ್ಕಕ್ಕೆ ಉರುಳುವುದನ್ನಲ್ಲ. ಇಳಿಜಾರಿನ ತೋಟದಲ್ಲಿ ತೋಳು ಎತ್ತಿಕೊಂಡು ಗಾಡಿ ಓಡಿಸಿದರೆ ಅಲಾರಾಂ ಸುಮ್ಮನಿರುವಾಗಲೇ ಅದು ಉರುಳಬಹುದು. ಸರಕು ಹೊತ್ತು ಸಾಗುವಾಗ ತೋಳು ಒಳಗೆಳೆದು, ತಗ್ಗಿಸಿರಬೇಕು. ಶೆಡ್‌ನೊಳಗೆ ಇನ್ನೊಂದು ಅಪಾಯವಿದೆ. ಹೆಚ್ಚಿನ ಮಾದರಿಗಳಲ್ಲಿ ಚಾಲಕ ಎಡಗಡೆ, ತೋಳು ಅವನ ಬಲಗಡೆ. ಬಲಬದಿಯಲ್ಲಿ ಓಡಾಡುವ ಹುಡುಗ ಅವನಿಗೆ ಕಾಣದಿರಬಹುದು. ಕನ್ನಡಿ, ರಿವರ್ಸ್ ಅಲಾರಾಂ ಸರಿಯಿವೆಯೇ ನೋಡಿ.

ಜನರನ್ನು ಎತ್ತಬಹುದೇ?

ಮೆರವಣಿಗೆಯಲ್ಲಿ ಬಕೆಟ್ ಮೇಲೆ ನಿಂತು ಹೂಮಳೆ ಸುರಿಸುವುದು, ಫೋರ್ಕ್ ಮೇಲೆ ಹಲಗೆ ಇಟ್ಟು ತೆಂಗಿನಕಾಯಿ ಕೀಳುವುದು, ಇಂಥ ದೃಶ್ಯ ನಾವೆಲ್ಲ ನೋಡಿದ್ದೇವೆ. ಇದು ಸರಿಯಲ್ಲ. ತಯಾರಕರು ಆ ಮಾದರಿಗೆಂದೇ ಒಪ್ಪಿದ, ಕಟಕಟೆ ಇರುವ, ಯಂತ್ರದ ಸುರಕ್ಷತಾ ವ್ಯವಸ್ಥೆಗೆ ಜೋಡಿಸಿದ ಬುಟ್ಟಿ ಇದ್ದರೆ ಮಾತ್ರ ಮನುಷ್ಯರನ್ನು ಎತ್ತಬಹುದು. ಹಲಗೆ ಜಾರಲು ಒಂದು ಕುಲುಕು ಸಾಕು.

ಕಾಗದಪತ್ರ

ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನಿರ್ಮಾಣ ಯಂತ್ರ ವಾಹನಗಳ ಪಟ್ಟಿಯಲ್ಲಿ ಫೋರ್ಕ್‌ಲಿಫ್ಟ್ ಕೂಡ ಇದೆ. ರಸ್ತೆಗಿಳಿಸುವುದಾದರೆ ಆರ್‌ಸಿ, ವಿಮೆ ಬೇಕು. ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಯನ್ನು ಗಾಡಿಯ ಮೇಲಿನದರೊಂದಿಗೆ ಹೋಲಿಸಿ, ಎಂಪರಿವಾಹನ್ ಆ್ಯಪ್‌ನಲ್ಲೂ ನೋಡಿ. ಮಾಲೀಕತ್ವ ಬದಲಿಸಲು ಫಾರ್ಮ್ 29 ಮತ್ತು 30, ಸಾಲ ತೀರಿದ್ದರೆ ಫಾರ್ಮ್ 35, ಹೊರರಾಜ್ಯದ ಗಾಡಿಯಾದರೆ ಫಾರ್ಮ್ 28 ಕೇಳಿ ಪಡೆಯಿರಿ. ಇವು ಕೈಗೆ ಬರುವ ಮುನ್ನ ಪೂರ್ತಿ ಹಣ ಕೊಡಬೇಡಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ಸರಕಿನ ತೂಕ, ಎತ್ತರ, ಮುಂದಿನ ದೂರ: ಮೂರೂ ಲೋಡ್ ಚಾರ್ಟ್‌ನೊಳಗೆ ಬರಬೇಕು.
• ಗಂಟೆ ಮೀಟರ್‌ಗಿಂತ ತೋಳು, ಪಿನ್, ಫೋರ್ಕ್ ಹಿಮ್ಮಡಿಯ ಸವೆತ ನಂಬಿ.
• ತೋಳಿಗೆ ತೇಪೆ ಬಿದ್ದಿದ್ದರೆ ಕೊಳ್ಳಬೇಡಿ. ಅಲಾರಾಂ ಕಿತ್ತಿದ್ದರೆ ಅದು ಸರಿಯಾಗುವವರೆಗೆ ವ್ಯವಹಾರ ಬೇಡ.
• ಎಣ್ಣೆ ಸೋರಿಕೆಗೆ ಕೈ ಹಚ್ಚಬೇಡಿ.
• ಹಲಗೆ, ಬಕೆಟ್ ಮೇಲೆ ಮನುಷ್ಯರನ್ನು ಎತ್ತಬೇಡಿ.

‘3 ಟನ್ ಎತ್ತುತ್ತೆ’ ಎಂದು ಯಾರಾದರೂ ಗುಂಪಿನಲ್ಲಿ ಹಾಕಿದರೆ ಒಂದೇ ಪ್ರಶ್ನೆ ಕೇಳಿ: ‘ಎಷ್ಟು ದೂರಕ್ಕೆ?’